ಪೆನ್ನಿನ ಮುಚ್ಚಳಕ್ಕೆ ತೂತು ಏಕೆ? ಅಟ್ಟದ ಮೇಲಿನ ಬಿದಿರಿನ ಕೊಳವೆ ಯಾವುದಕ್ಕೆ?

ಅಟ್ಟದಬೆಕ್ಕು:
ಕಳೆದ ವಾರ ಮಗಳು ಪೆನ್ನಿನ ಮುಚ್ಚಳವನ್ನು ತುಟಿಗಿಟ್ಟುಕೊಂಡು ಶಿಳ್ಳೆ ಹೊಡೆಯುತ್ತಾ ಕುಳಿತಿದ್ದಳು. ಆರನೇ ತರಗತಿ, ಮರುದಿನ ಪರೀಕ್ಷೆ. ಗದರಿಸಿದರೆ, "ಶಿಳ್ಳೆ ಹೊಡೆಯಬಾರದು ಎಂದಾದರೆ ತುದಿಯಲ್ಲಿ ತೂತು ಏಕೆ ಇಟ್ಟಿದ್ದಾರೆ?" ಎಂದು ಕೇಳಿದಳು. "ಶಾಯಿ ಒಣಗಲಿ ಎಂದು" ಎಂದುಬಿಟ್ಟೆ. ಹೇಳಿ ಅರ್ಧ ನಿಮಿಷಕ್ಕೆ ನನಗೇ ನಾಚಿಕೆಯಾಯಿತು. ಶಾಯಿ ಒಣಗಬಾರದು ಎಂದೇ ಅಲ್ಲವೇ ಮುಚ್ಚಳ ಹಾಕುವುದು!

ಆಮೇಲೆ ಹುಡುಕಿ ತಿಳಿದುಕೊಂಡೆ. ಮಕ್ಕಳು ಮುಚ್ಚಳವನ್ನು ಕಚ್ಚುತ್ತಾ ಕಚ್ಚುತ್ತಾ ಒಳಗೆಳೆದುಕೊಂಡು, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ, ಆಸ್ಪತ್ರೆ ಸೇರುವವರೆಗೆ ಆ ತೂತಿನಿಂದ ಒಂದಿಷ್ಟು ಗಾಳಿಯಾದರೂ ಆಡಲಿ ಎಂದು ಅದನ್ನು ಇಟ್ಟಿದ್ದಾರೆ. ಇದಕ್ಕೆಂದೇ ಐಎಸ್‌ಒ 11540 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಶಾಲೆಯಲ್ಲಿ ನಾನು ಅಗಿದು ಚಪ್ಪಟೆ ಮಾಡಿದ ಮುಚ್ಚಳಗಳಿಗೆ ಲೆಕ್ಕವಿಲ್ಲ, ಒಂದು ದಿನವೂ ಈ ಪ್ರಶ್ನೆ ಹುಟ್ಟಲಿಲ್ಲ.

ಎರಡನೆಯ ವಿಷಯ. ಊರಿನ ಹಳೆಯ ಮನೆಯನ್ನು ಬಿಚ್ಚಿಸುತ್ತಿದ್ದೇವೆ. ಅರಸೀಕೆರೆ ಕಡೆ. ಅಟ್ಟದ ಮೇಲೆ ಒಂದು ಬಿದಿರಿನ ಕೊಳವೆ ಸಿಕ್ಕಿದೆ. ಒಂದೂವರೆ ಅಡಿ ಉದ್ದ, ನನ್ನ ಮಣಿಕಟ್ಟಿನಷ್ಟು ದಪ್ಪ. ಒಂದು ತುದಿ ಗೆಣ್ಣಿನಿಂದ ಮುಚ್ಚಿದೆ. ಇನ್ನೊಂದು ತುದಿಯನ್ನು ಓರೆಯಾಗಿ ಕತ್ತರಿಸಿ ಅಂಚನ್ನು ನುಣ್ಣಗೆ ಹೆರೆದಿದ್ದಾರೆ. ಅಂಚಿನ ಬಳಿ ಕಚ್ಚಿದ ಗುರುತುಗಳಿವೆ. ಒಳಗೆ ಕಮಟು ಎಣ್ಣೆಯ ವಾಸನೆ. ಅಜ್ಜ ಇಲ್ಲ. ಅಪ್ಪ ಚಿಕ್ಕ ವಯಸ್ಸಿಗೇ ಹಾಸ್ಟೆಲ್ ಸೇರಿದವರು, ಅವರಿಗೂ ಗೊತ್ತಿಲ್ಲ.

ಬಲ್ಲವರು ತಿಳಿಸಿ. ಜೊತೆಗೆ, ನಿಮಗೆ ತಡವಾಗಿ ತಿಳಿದ ಇಂಥ ಉಪಯೋಗಗಳಿದ್ದರೆ ಬರೆಯಿರಿ. ವಸ್ತುವಾಗಲಿ, ಮೈಯದಾಗಲಿ, ಹೊಲದ್ದಾಗಲಿ. ಮೊಬೈಲಿಗೆ ಬಂದ "ನಮ್ಮ ಹಿರಿಯರ ವಿಜ್ಞಾನ" ಸಂದೇಶಗಳನ್ನು ಮಾತ್ರ ಹಾಗೆಯೇ ತಂದು ಸುರಿಯಬೇಡಿ, ಕೈಮುಗಿಯುತ್ತೇನೆ.

ಕಡಲೆಪುರಿ:
ಊದುಗೊಳವೆ. ಒಲೆ ಊದುವುದಕ್ಕೆ. ಮುಗಿಯಿತು.

ಅಟ್ಟದಬೆಕ್ಕು:
ಒಂದು ತುದಿ ಮುಚ್ಚಿದೆ ಎಂದು ಬರೆದಿದ್ದೇನೆ. ಯಾವ ಕಡೆಯಿಂದ ಊದಲಿ?

ಕಡಲೆಪುರಿ:
ಪೂರ್ತಿ ಓದಲಿಲ್ಲ, ಕ್ಷಮಿಸಿ. ಹಾಗಾದರೆ ಪೆನ್ನು, ಲೇಖನಿ ಇಡುವ ಡಬ್ಬಿ. ನಿಮ್ಮ ಅಜ್ಜ ಶಾನುಭೋಗರಾಗಿದ್ದರೇ?

ಅಟ್ಟದಬೆಕ್ಕು:
ರೈತರು. ಸಹಿ ಮಾಡುವುದಷ್ಟೇ ಅವರಿಗೂ ಪೆನ್ನಿಗೂ ಇದ್ದ ಸಂಬಂಧ.

ಸ್ವಿಚ್‌ಬೋರ್ಡ್:
ನಾನು ವೈರಿಂಗ್ ಕೆಲಸದವನು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಏಕೆ ಉದ್ದ, ಏಕೆ ದಪ್ಪ ಎಂದು ಹೋದ ಮನೆಯಲ್ಲೆಲ್ಲ ಕೇಳುತ್ತೇನೆ. "ಗಟ್ಟಿಯಾಗಿ ಕೂರಲಿ ಎಂದು" ಎನ್ನುವವರೇ ಹೆಚ್ಚು.

ಉದ್ದ ಏಕೆಂದರೆ ಪ್ಲಗ್ ಚುಚ್ಚುವಾಗ ಅರ್ಥ್ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಇಸ್ತ್ರಿಪೆಟ್ಟಿಗೆಯದೋ ಗ್ರೈಂಡರಿನದೋ ಲೋಹದ ಮೈಗೆ ಒಳಗಿನ ತಂತಿ ತಾಗಿಕೊಂಡಿದ್ದರೆ ಕರೆಂಟು ನಿಮ್ಮ ಮೈ ಹುಡುಕುವ ಬದಲು ನೆಲದ ದಾರಿ ಹಿಡಿಯಲಿ ಎಂದು. ದಪ್ಪ ಏಕೆಂದರೆ ಅದು ತಪ್ಪಿಯೂ ಕರೆಂಟಿನ ತೂತಿಗೆ ಹೋಗಬಾರದು. ಈಗಿನ ಒಳ್ಳೆಯ ಸಾಕೆಟ್ಟುಗಳಲ್ಲಿ ಇನ್ನೂ ಒಂದು ಕೆಲಸವಿದೆ. ಕೆಳಗಿನ ಎರಡು ತೂತುಗಳಿಗೆ ಒಳಗೊಂದು ಬಾಗಿಲು ಇರುತ್ತದೆ, ಮಕ್ಕಳು ಕಡ್ಡಿ ತುರುಕಬಾರದು ಎಂದು. ಮೇಲಿನ ಪಿನ್ನು ಒಳಗೆ ಹೋದರೆ ಆ ಬಾಗಿಲು ಸರಿಯುತ್ತದೆ. ನಮ್ಮ ಜನ ಏನು ಮಾಡುತ್ತಾರೆ? ಎರಡು ಪಿನ್ನಿನ ಚಾರ್ಜರ್ ತೂರಿಸಲು ಮೇಲಿನ ತೂತಿಗೆ ಪೆನ್ನು ಚುಚ್ಚಿ ಬಾಗಿಲು ತೆರೆಯುತ್ತಾರೆ! ಒಂದು ವಸ್ತು ಮಕ್ಕಳ ಜೀವ ಉಳಿಸಲು ತೂತು ಇಟ್ಟುಕೊಂಡಿದೆ, ಅದನ್ನೇ ಹಿಡಿದು ಇನ್ನೊಂದರ ಬಾಗಿಲು ಮುರಿಯುತ್ತೇವೆ.

ಸಂಜೆಮಲ್ಲಿಗೆ:
ನಮ್ಮ ಮನೆಯ ಗ್ರೈಂಡರಿನ ಮೇಲಿನ ಪಿನ್ನನ್ನೇ ಕತ್ತರಿಸಿದ್ದಾರೆ. ಸಾಕೆಟ್ಟಿಗೆ ಹಿಡಿಸುತ್ತಿರಲಿಲ್ಲವಂತೆ. ಮಾವನವರ ಕಾಲದ ಕೆಲಸ, ನಾನು ಮದುವೆಯಾಗಿ ಬರುವ ಹೊತ್ತಿಗೇ ಹಾಗಿತ್ತು.

ಸ್ವಿಚ್‌ಬೋರ್ಡ್:
ಇವತ್ತೇ ಪ್ಲಗ್ ಬದಲಿಸಿ. ಅಮ್ಮಾ, ಇದು ತಮಾಷೆಯ ಮಾತಲ್ಲ.

ಉಗಿಬಂಡಿ:
ರೈಲು ಹಳಿಯ ಕೆಳಗಿನ ಜಲ್ಲಿ ಏಕೆ ಮೊನಚಾಗಿಯೇ ಇರುತ್ತದೆ, ಹೊಳೆಯ ನುಣುಪು ಕಲ್ಲು ಏಕೆ ಹಾಕುವುದಿಲ್ಲ ಎಂದು ಯೋಚಿಸಿದ್ದೀರಾ? ನುಣುಪು ಕಲ್ಲು ಉರುಳಿಕೊಂಡು ಜಾರುತ್ತದೆ. ಮೊನಚು ಕಲ್ಲುಗಳು ಒಂದರ ಸಂದಿಗೆ ಒಂದು ಕಚ್ಚಿಕೊಂಡು ಹಳಿಯನ್ನು ಕದಲದಂತೆ ಹಿಡಿಯುತ್ತವೆ, ಭಾರವನ್ನು ಹಂಚುತ್ತವೆ, ಮಳೆ ನೀರನ್ನೂ ಇಳಿಯಲು ಬಿಡುತ್ತವೆ.

ಕೊನೆಯ ಬೋಗಿಯ ಹಿಂದಿನ ದೊಡ್ಡ ಹಳದಿ ಗುಣಾಕಾರ ಚಿಹ್ನೆಯೂ ಅಲಂಕಾರಕ್ಕಲ್ಲ. ಗಾಡಿ ನಿಲ್ದಾಣ ದಾಟುವಾಗ ಸಿಬ್ಬಂದಿ ಅದನ್ನು ನೋಡಿ ಗಾಡಿ ಪೂರ್ತಿ ಬಂದಿದೆ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಕಾಣದಿದ್ದರೆ ನಡುವೆ ಎಲ್ಲೋ ಬೋಗಿ ಕಳಚಿ ಹಿಂದೆ ಉಳಿದಿರಬಹುದು ಎಂದು ಅರ್ಥ. ಆ ದಾರಿಗೆ ಇನ್ನೊಂದು ಗಾಡಿಯನ್ನು ಬಿಡುವಂತಿಲ್ಲ.

ಕಡಲೆಪುರಿ:
ಚಿಕ್ಕಂದಿನಲ್ಲಿ ನಾನು ಅದನ್ನು "ಈ ಬೋಗಿಗೆ ಹತ್ತಬಾರದು" ಎಂದು ತಿಳಿದು, ಪ್ಲಾಟ್‌ಫಾರಂ ಉದ್ದಕ್ಕೂ ಅಜ್ಜಿಯನ್ನು ಎಳೆದುಕೊಂಡು ಓಡಿದ್ದೆ. ಅಜ್ಜಿ ಸಾಯುವವರೆಗೂ ಆ ಮಾತು ಎತ್ತುತ್ತಿದ್ದರು.

ಹಣತೆ:
ನೋಟುಗಳ ವಿಷಯ ಯಾರೂ ಹೇಳಲಿಲ್ಲವಲ್ಲ. 100, 200, 500ರ ನೋಟಿನ ಎಡ ಮತ್ತು ಬಲ ಅಂಚಿನಲ್ಲಿ ಸಣ್ಣ ಓರೆ ಗೆರೆಗಳಿವೆ, ಬೆರಳಿಗೆ ಉಬ್ಬಾಗಿ ಸಿಗುತ್ತವೆ. ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ಸೊನ್ನೆ, ಐನೂರಕ್ಕೆ ಐದು. ಕಣ್ಣು ಕಾಣದವರು ಎಣಿಸಿ ತಿಳಿಯಲೆಂದು. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ದೃಷ್ಟಿಯಿಲ್ಲ. ಹೊಸ ನೋಟಾದರೆ ಕ್ಷಣದಲ್ಲಿ ಹೇಳುತ್ತಾರೆ. ಸಂತೆಯಲ್ಲಿ ಸುತ್ತಾಡಿ ಮೆತ್ತಗಾದ ನೋಟು ಬಂದರೆ ನನ್ನ ಕಡೆ ಚಾಚುತ್ತಾರೆ. ಗೆರೆ ಸವೆದುಹೋಗಿರುತ್ತದೆ.

ಎರೆಮಣ್ಣು:
ಹೊಲದ್ದು ಕೇಳಿದ್ದೀರಿ, ನಾನು ಹೇಳುತ್ತೇನೆ. ನಮ್ಮದು ಹಾವೇರಿ ಜಿಲ್ಲೆ. ಹೆಂಡತಿಯ ತಮ್ಮ ಮೈಸೂರು ಕಡೆಯವನು. ಒಂದು ವರ್ಷ ಮುಂಗಾರಿನಲ್ಲಿ ಬಂದಿದ್ದ. ಬೆಳಿಗ್ಗೆ ಹೊಲಕ್ಕೆ ಬಂದವನು ನೋಡಿದ್ದು ಇದು: ನಾಟಿ ಮಾಡಿ ತಿಂಗಳೂ ಆಗದ ರಾಗಿ ಪೈರಿನ ಮೇಲೆ ನಮ್ಮ ಅಪ್ಪ ಎತ್ತು ಹೂಡಿ ಮರದ ಕೊರಡು ಎಳೆಸುತ್ತಿದ್ದಾರೆ. ಸಸಿಗಳು ಸಾಲುಸಾಲಾಗಿ ಮಕಾಡೆ ಮಲಗುತ್ತಿವೆ. ಅವನು ಓಡಿ ಬಂದು ನನ್ನನ್ನು ಎಬ್ಬಿಸಿದ. "ಭಾವ, ಮಾವನವರಿಗೆ ಏನಾಗಿದೆ ನೋಡಿ, ಬೆಳೆ ನಾಶ ಮಾಡುತ್ತಿದ್ದಾರೆ!"

ಇದು ಗುಳಿ ರಾಗಿ ಪದ್ಧತಿ. ಹೊಲಕ್ಕೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡುವ ಕಡೆ ಗುಳಿ ತೆಗೆದು, ಒಂದು ಹಿಡಿ ಗೊಬ್ಬರ ಹಾಕಿ ಎರಡೆರಡು ಸಸಿ ನೆಡುತ್ತೇವೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ಸಸಿ ಬೇರು ಹಿಡಿದ ಮೇಲೆ ಹಗುರವಾದ ಕೊರಡನ್ನು ಅದರ ಮೇಲೆ ಹಾಯಿಸುತ್ತೇವೆ. ಸಸಿ ಬಾಗುತ್ತದೆ, ಮುರಿಯುವುದಿಲ್ಲ. ಬಾಗಿದ ಸಸಿ ಬುಡದಿಂದ ತೆಂಡೆ, ಅಂದರೆ ಮರಿ ಕವಲು, ಒಡೆಯುತ್ತದೆ. ಅದರ ಜೊತೆ ಎಡೆಕುಂಟೆ ಹೊಡೆದರೆ ಕಳೆಯೂ ಹೋಗುತ್ತದೆ, ಮೇಲ್ಮಣ್ಣು ಪುಡಿಯಾಗಿ ಕೆಳಗಿನ ತೇವವನ್ನು ಹಿಡಿದಿಡುತ್ತದೆ. ಭಾವಮೈದ ದೀಪಾವಳಿ ಹೊತ್ತಿಗೆ ಬಂದು ಒಂದು ಬುಡದ ತೆನೆ ಎಣಿಸತೊಡಗಿದ, ನಡುವೆ ಲೆಕ್ಕ ತಪ್ಪಿ ಬಿಟ್ಟುಬಿಟ್ಟ.

ಕೊರಡು ಯಾವಾಗ ಹಾಯಿಸಬೇಕು ಎಂಬುದೇ ಇದರ ಗುಟ್ಟು. ಕಾಂಡ ಗಟ್ಟಿಯಾಗಿ ಗೆಣ್ಣು ಮೂಡಿದ ಮೇಲೆ ಹಾಯಿಸಿದರೆ ಭಾವಮೈದ ಹೇಳಿದ ಹಾಗೆಯೇ ಆಗುತ್ತದೆ.

ಬೆರಳಚ್ಚು:
ಇದು ನಂಬಲಾಗದಷ್ಟು ಚೆನ್ನಾಗಿದೆ. ಜಪಾನಿನ ರೈತರು ಚಳಿಗಾಲದಲ್ಲಿ ಗೋಧಿ, ಬಾರ್ಲಿ ಸಸಿಗಳನ್ನು ಕಾಲಿನಿಂದ ತುಳಿಯುತ್ತಾರೆ ಎಂದು ಓದಿದ್ದೆ. ಹಿಮಕ್ಕೆ ಮಣ್ಣು ಉಬ್ಬಿ ಬೇರು ಮೇಲೇಳದಿರಲಿ, ತೆಂಡೆ ಹೆಚ್ಚಲಿ ಎಂದು. ಅವರದು ಕಾಲು, ನಿಮ್ಮದು ಕೊರಡು.

ಬೆಳೆಗಾತಿ:
ಕಲಬುರಗಿ ಕಡೆ ತೊಗರಿಯ ಕುಡಿ ಚಿವುಟುವುದೂ ಇದೇ ಜಾತಿಯದು. ತುದಿ ಕುಡಿ ಇರುವವರೆಗೆ ಅದು ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ, ತಾನೊಂದೇ ಮೇಲೆ ಹೋಗುತ್ತದೆ. ಕುಡಿ ತೆಗೆದರೆ ಪಕ್ಕದ ಕವಲುಗಳೆಲ್ಲ ಎಚ್ಚರಗೊಳ್ಳುತ್ತವೆ. ಈಗ ಅದಕ್ಕೆ ಬ್ಯಾಟರಿ ಯಂತ್ರ ಬಂದಿದೆ. ಕಡಲೆಯ ಕುಡಿಯನ್ನಂತೂ ಚಿವುಟಿ ಪಲ್ಯ ಮಾಡುತ್ತೇವೆ. ಗಿಡಕ್ಕೂ ಲಾಭ, ರೊಟ್ಟಿಗೂ ಲಾಭ.

ಕಡಲೆಪುರಿ:
ಕಡಲೆ ಎಂದಾಗ ನನ್ನನ್ನು ಕರೆದಿರಿ ಎಂದುಕೊಂಡೆ.

ಹಳೆಬೇರು:
ಎಲ್ಲರೂ ಜಪಾನ್, ಮಾನಕ ಎನ್ನುತ್ತಿದ್ದೀರಿ. ನಮ್ಮ ಹಿರಿಯರು ಯಾವುದನ್ನೂ ಸುಮ್ಮನೆ ಮಾಡಲಿಲ್ಲ ಎಂಬುದನ್ನು ಮಾತ್ರ ನೀವು ಯಾರೂ ಒಪ್ಪುವುದಿಲ್ಲ. ನೆಲಕ್ಕೆ ಸಗಣಿ ಸಾರಿಸುತ್ತಿದ್ದದ್ದು ಕ್ರಿಮಿಗಳನ್ನು ಕೊಲ್ಲಲು. ಅದು ವಿಜ್ಞಾನವಲ್ಲವೇ? ಮೂಗಿನ ಎರಡು ಹೊಳ್ಳೆಗಳಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಹೆಚ್ಚು ಉಸಿರಾಡುತ್ತದೆ ಎಂದು ಯೋಗದವರಿಗೆ ಮೊದಲೇ ಗೊತ್ತಿತ್ತು. ಅದನ್ನೂ ಮೊಬೈಲ್ ಸಂದೇಶ ಎಂದು ತಳ್ಳಿಹಾಕುತ್ತೀರಾ?

ಗೋಮಾಳ:
ನಾನು ನಿವೃತ್ತ ಪಶುವೈದ್ಯ. ಮೂಗಿನ ವಿಷಯದಲ್ಲಿ ಹಳೆಬೇರು ಅವರ ಮಾತು ಸರಿ. ಒಂದು ಹೊಳ್ಳೆಯ ಒಳಪೊರೆ ರಕ್ತ ತುಂಬಿ ಉಬ್ಬಿದಾಗ ಇನ್ನೊಂದು ತೆರೆದುಕೊಳ್ಳುತ್ತದೆ, ಕೆಲವು ಗಂಟೆಗಳಲ್ಲಿ ಅದಲುಬದಲಾಗುತ್ತದೆ. ಯುರೋಪಿನ ವೈದ್ಯಕೀಯದಲ್ಲಿ ಇದನ್ನು 1895ರಲ್ಲಿ ಕೈಸರ್ ಎಂಬವರು ವಿವರಿಸಿದರು. ಉಸಿರಿನ ಗತಿ ನೋಡುವ ನಮ್ಮ ಸ್ವರಶಾಸ್ತ್ರದವರು ಅದಕ್ಕೂ ಬಹಳ ಹಿಂದೆ ಗಮನಿಸಿದ್ದರು.

ಸಗಣಿಯ ವಿಷಯದಲ್ಲಿ ಖಂಡಿತ ಒಪ್ಪುವುದಿಲ್ಲ. ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳು ಇರಬಹುದು. ಹುಟ್ಟಿದ ಮಗುವಿನ ಹೊಕ್ಕುಳಿಗೆ ಸಗಣಿ ಹಚ್ಚಿ ಮಕ್ಕಳನ್ನು ಕಳೆದುಕೊಂಡ ಮನೆಗಳನ್ನು ನೌಕರಿಯ ಮೊದಲ ವರ್ಷಗಳಲ್ಲಿ ನೋಡಿದ್ದೇನೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಮ್ಮ ದೇಶದಿಂದ ನಿವಾರಣೆಯಾಗಿದೆ ಎಂದು ಘೋಷಣೆಯಾಗಿದ್ದು 2015ರಲ್ಲಿ. ಲಸಿಕೆಯಿಂದ, ಸ್ವಚ್ಛವಾದ ಹೆರಿಗೆಯಿಂದ.

ಹಾಗೆಂದು ಸಾರಿಸುವುದಕ್ಕೆ ಕಾರಣವಿಲ್ಲವೆಂದಲ್ಲ. ಮಣ್ಣಿನ ನೆಲ ದೂಳು ಏಳುತ್ತದೆ, ಬಿರುಕು ಬಿಡುತ್ತದೆ. ಸಗಣಿಯಲ್ಲಿ ಅರಗದೆ ಉಳಿದ ಹುಲ್ಲಿನ ನಾರು ಇರುತ್ತದೆ. ಅದು ಮಣ್ಣನ್ನು ಹೆಣೆದು ಹಿಡಿಯುತ್ತದೆ. ಗಾರೆಯವರು ಗೋಡೆಯ ಮಣ್ಣಿಗೆ ಹುಲ್ಲು ತುಳಿಸಿ ಸೇರಿಸುವುದೂ ಇದಕ್ಕೇ. ಸುಲಭವಾದ ನಿಜವಾದ ಕಾರಣ ಕಾಲಡಿಯಲ್ಲೇ ಇರುವಾಗ ಕ್ರಿಮಿಯ ಕಥೆ ಏಕೆ ಬೇಕು?

ಹಳೆಬೇರು:
ನಾರಿನ ವಿಷಯ ಗೊತ್ತಿರಲಿಲ್ಲ. ಹೊಕ್ಕುಳಿಗೆ ಹಚ್ಚಿ ಎಂದು ನಾನೂ ಹೇಳಿಲ್ಲ.

ಸಂಜೆಮಲ್ಲಿಗೆ:
ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಾರಲ್ಲ, ಅದಕ್ಕೂ ಏನಾದರೂ ಇದೆಯೇ?

ಗೋಮಾಳ:
ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆ, ಇದ್ದಕ್ಕಿದ್ದಂತೆ ಸೆಳೆದುಕೊಳ್ಳುತ್ತದೆ, ಗಂಟಲ ಬಾಗಿಲು ತಟ್ಟನೆ ಮುಚ್ಚುತ್ತದೆ, ಅಷ್ಟೇ. ಗರ್ಭದಲ್ಲಿರುವ ಮಗುವೂ ಬಿಕ್ಕಳಿಸುತ್ತದೆ. ಹುಟ್ಟದ ಮಗುವನ್ನು ಯಾರು ನೆನೆಸಿಕೊಳ್ಳುತ್ತಾರೆ?

ಸಂಜೆಮಲ್ಲಿಗೆ:
ಅಜ್ಜಿ.

ಬೆರಳಚ್ಚು:
ಮೈಯ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಬಹಳ ಹೊತ್ತು ನೀರಿನಲ್ಲಿದ್ದರೆ ಬೆರಳು ಸುಕ್ಕಾಗುವುದು ಚರ್ಮ ನೀರು ಕುಡಿದು ಊದಿಕೊಳ್ಳುವುದರಿಂದ ಎಂದು ನನಗೆ ಶಾಲೆಯಲ್ಲಿ ಹೇಳಿದ್ದರು. ತಪ್ಪು. ನರ ಕತ್ತರಿಸಿಹೋದ ಬೆರಳು ಎಷ್ಟು ನೆನೆಸಿದರೂ ಸುಕ್ಕಾಗುವುದಿಲ್ಲ ಎಂದು 1930ರ ದಶಕದಲ್ಲೇ ವೈದ್ಯರು ಕಂಡಿದ್ದರು. ನರದ ಆಜ್ಞೆಯಿಂದ ಒಳಗಿನ ರಕ್ತನಾಳಗಳು ಕುಗ್ಗುತ್ತವೆ, ಮೇಲಿನ ಚರ್ಮ ಮಡಿಚಿಕೊಳ್ಳುತ್ತದೆ. ಒದ್ದೆ ವಸ್ತು ಜಾರದಂತೆ ಹಿಡಿಯುವುದಕ್ಕಾಗಿ, ಟೈರಿನ ಕಚ್ಚುಗಳ ಹಾಗೆ. 2013ರಲ್ಲಿ ಇಂಗ್ಲೆಂಡಿನಲ್ಲಿ ಗೋಲಿಗಳನ್ನು ನೀರಿನಿಂದ ಎತ್ತಿಸಿ ಪರೀಕ್ಷೆ ಮಾಡಿದರು, ಸುಕ್ಕು ಬೆರಳಿನವರು ಬೇಗ ಮುಗಿಸಿದರು.

ಪ್ರಶ್ನಾರ್ಥಕ:
ಮರುವರ್ಷವೇ ಬೇರೆ ತಂಡ ಅದೇ ಬಗೆಯ ಪರೀಕ್ಷೆ ಮಾಡಿ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂದಿತು. ನರದಿಂದ ಆಗುತ್ತದೆ ಎನ್ನುವುದು ಸರಿ. ಹಿಡಿತಕ್ಕಾಗಿಯೇ ಆಗುತ್ತದೆ ಎನ್ನುವುದು ಇನ್ನೂ ವಾದದಲ್ಲಿರುವ ಮಾತು. "ಹೇಗೆ" ಎಂಬುದಕ್ಕೆ ಉತ್ತರ ಸಿಕ್ಕಿದ ಕೂಡಲೇ "ಏತಕ್ಕೆ" ಎಂಬುದಕ್ಕೂ ಸಿಕ್ಕಿತು ಎಂದುಕೊಳ್ಳುವ ಆತುರ ನಮ್ಮೆಲ್ಲರಿಗೂ ಇದೆ. ಹಳೆಬೇರು ಅವರನ್ನು ಮಾತ್ರ ಬೈಯಬೇಡಿ.

ಹಳೆಬೇರು:
ಧನ್ಯವಾದ. ಈ ಚರ್ಚೆಯಲ್ಲಿ ಮೊದಲ ಬಾರಿ ಯಾರೋ ನನ್ನ ಪರ ಮಾತನಾಡಿದರು, ಅದೂ ಬೈಯುತ್ತಲೇ.

ತೋಟದಮನೆ:
ಪ್ರಶ್ನಾರ್ಥಕ ಅವರ ಮಾತಿಗೆ ನನ್ನ ತೋಟದಿಂದ ಒಂದು ಉದಾಹರಣೆ. ನಮ್ಮದು ಶಿರಸಿ ಕಡೆ, ಅಡಿಕೆ. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ಹೊಳೆಯುವ ಕತ್ತಿಯ ತುದಿಯನ್ನು ಅದ್ದಿ ನೋಡುತ್ತೇವೆ. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದು ಅರ್ಥ. ಹಾಗೆಯೇ ಹೊಡೆದರೆ ಎಳೆ ಅಡಿಕೆ ಸುಟ್ಟುಹೋಗುತ್ತದೆ. ಚಿಕ್ಕಂದಿನಲ್ಲಿ ಅಪ್ಪಯ್ಯ ಕತ್ತಿ ಅದ್ದುವುದನ್ನು ನೋಡಿ ನಾನು ಅದನ್ನು ಆಯುಧಪೂಜೆಯ ತರಹದ ಶಾಸ್ತ್ರ ಎಂದೇ ತಿಳಿದಿದ್ದೆ.

ಇದು ಹುಟ್ಟಿದ್ದು ಮಾತ್ರ ರೋಗಕ್ಕಾಗಿ ಅಲ್ಲ, ಕಳ್ಳರಿಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ತೋಟದವರು ಮೈಲುತುತ್ತು, ಸುಣ್ಣ ಕಲಸಿ ಎರಚಿಬಿಡುತ್ತಿದ್ದರು. ನೀಲಿಗಟ್ಟಿದ ಹಣ್ಣು ನೋಡಿದವನು ವಿಷ ಎಂದು ಹೆದರಿ ಮುಂದೆ ಹೋಗಲಿ ಎಂದು. 1882ರಲ್ಲಿ ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ದೆ ಆ ದಾರಿಯಲ್ಲಿ ಹೋಗುವಾಗ, ಒಳಗಿನ ಬಳ್ಳಿಗಳೆಲ್ಲ ಬೂಜುರೋಗದಿಂದ ಎಲೆ ಉದುರಿಸಿ ನಿಂತಿದ್ದರೂ ರಸ್ತೆ ಬದಿಯವು ಮಾತ್ರ ಹಸಿರಾಗಿರುವುದನ್ನು ಕಂಡರು. 1885ರಲ್ಲಿ ವಿಧಾನ ಪ್ರಕಟವಾಯಿತು. ಇಲ್ಲಿಗೆ ಅದು ಬಂದದ್ದು ಕೆನಡಾದ ಲೆಸ್ಲಿ ಕೋಲ್ಮನ್ ಅವರಿಂದ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಸಿಂಪಡಣೆಯನ್ನು ಬೆಳೆಗಾರರಿಗೆ ಕಲಿಸಿದರು.

ಈಗ ಹೇಳಿ, ಬೋರ್ಡೋದ ಉದ್ದೇಶ ಏನು? ಮಾಡಿದವನ ಮನಸ್ಸಿನಲ್ಲಿದ್ದದ್ದು ಕಳ್ಳ. ಅದು ಮಾಡಿದ ಕೆಲಸ ಬೇರೆ. ನಮ್ಮ ಆಚಾರಗಳಲ್ಲೂ ಹೀಗೆ ಎಷ್ಟೋ ಇರಬಹುದು. ಆದರೆ ಮಿಲಾರ್ದೆ ಕಂಡದ್ದನ್ನು ಮೂರು ವರ್ಷ ಪರೀಕ್ಷೆ ಮಾಡಿ ನೋಡಿದರು, ಮೊಬೈಲಿನಲ್ಲಿ ಕಳಿಸಲಿಲ್ಲ.

ಕಡಲೆಪುರಿ:
ಆಗ ಮೊಬೈಲ್ ಇರಲಿಲ್ಲ.

ಎರೆಮಣ್ಣು:
ಅಡಿಕೆಯವರೇ, ಈಗ ಕ್ವಿಂಟಲಿಗೆ ಎಷ್ಟು ನಡೆಯುತ್ತಿದೆ?

ತೋಟದಮನೆ:
ಅದನ್ನು ಕೇಳಬೇಡಿ, ಚರ್ಚೆ ಬೇರೆ ಕಡೆ ಹೋಗುತ್ತದೆ, ನನ್ನ ರಕ್ತದೊತ್ತಡವೂ.

ಮುದ್ದೆಗುಂಡು:
ಹಗೇವು ನೋಡಿದವರು ಯಾರಾದರೂ ಇದ್ದೀರಾ? ಮಂಡ್ಯ ಜಿಲ್ಲೆಯ ನಮ್ಮ ಅಜ್ಜನ ಮನೆಯ ಮುಂದೆ ಒಂದಿತ್ತು. ನೆಲದೊಳಗೆ ಮಡಕೆಯ ಹಾಗೆ ತೋಡಿದ ಗುಂಡಿ, ಬಾಯಿ ಚಿಕ್ಕದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದು. ತೆಗೆಯುವ ದಿನ ಬಾಯಿ ತೆರೆದು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಹಣತೆ ಕಟ್ಟಿ ಇಳಿಸುತ್ತಿದ್ದರು. ಒಳಗೊಂದು ದೆವ್ವ ಇದೆ, ಅದು ದೀಪ ಆರಿಸುತ್ತದೆ, ದೀಪ ಉರಿದರೆ ಅದು ಹೊರಟುಹೋಯಿತೆಂದು ಅರ್ಥ ಎಂದು ಅಜ್ಜಿ ಹೇಳುತ್ತಿದ್ದರು. ನಾವು ಆ ಜಾಗದಲ್ಲಿ ಆಡುವುದಕ್ಕೂ ಹೆದರುತ್ತಿದ್ದೆವು.

ಪ್ರಶ್ನಾರ್ಥಕ:
ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯ ಆಮ್ಲಜನಕವನ್ನು ಕಾಳು ಮತ್ತು ಹುಳು ಸೇರಿ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ರಾಗಿ ಉಳಿಯುತ್ತದೆ. ಹುಳುವನ್ನು ಕೊಂದ ಗಾಳಿಯೇ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಅವಸರದಲ್ಲಿ ಇಳಿದು ಸತ್ತವರಿದ್ದಾರೆ, ಅವರನ್ನು ಎತ್ತಲು ಇಳಿದವರೂ.

ಮುದ್ದೆಗುಂಡು:
ಹೌದು. ಅಜ್ಜಿಯ ದೆವ್ವ ಸುಳ್ಳು, ದೀಪ ನಿಜ. ಮಕ್ಕಳಿಗೆ ಡೈಆಕ್ಸೈಡ್ ಎಂದಿದ್ದರೆ ನಾವು ಇಣುಕಿ ನೋಡುತ್ತಿದ್ದೆವೋ ಏನೋ.

ಅಟ್ಟದಬೆಕ್ಕು:
ಎಲ್ಲವೂ ಚೆನ್ನಾಗಿದೆ, ಆದರೆ ನನ್ನ ಕೊಳವೆಯನ್ನು ಎಲ್ಲರೂ ಮರೆತಿರಿ.

ಎರೆಮಣ್ಣು:
ಕೂರಿಗೆಯ ಬೀಜದ ಕೊಳವೆ ಎನ್ನೋಣವೆಂದರೆ ಅದು ಎರಡೂ ಕಡೆ ತೆರೆದಿರಬೇಕು. ಎಣ್ಣೆಯ ವಾಸನೆಯೂ ಹೊಂದುವುದಿಲ್ಲ.

ಹಣತೆ:
ಗಾಡಿಯ ಕೀಲೆಣ್ಣೆ ಇಡುವ ಕೊಳವೆ ಇರಬಹುದೇ? ಗಾಡಿಯ ಮೂಕಿಗೆ ತೂಗುಹಾಕುತ್ತಿದ್ದರು.

ಗೋಮಾಳ:
ಕೀಲೆಣ್ಣೆಯ ಕೊಳವೆಯನ್ನು ಯಾರು ಕಚ್ಚುತ್ತಾರೆ? ನಾನು ಎರಡು ದಿನದಿಂದ ಸಗಣಿಯ ಜಗಳದಲ್ಲಿ ಮುಳುಗಿ ಮೊದಲ ಬರಹವನ್ನು ಸರಿಯಾಗಿ ಓದಿರಲಿಲ್ಲ, ತಪ್ಪು ನನ್ನದೇ. ಅದು ಗೊಟ್ಟ. ದನಕ್ಕೆ ಔಷಧಿ, ಎಣ್ಣೆ, ಗಂಜಿ ಕುಡಿಸುವ ಗೊಟ್ಟ.

ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗಿನ ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿದೆ. ಬಾಯಿಯ ಪಕ್ಕದಿಂದ, ಆ ಸಂದಿಯಲ್ಲಿ ಗೊಟ್ಟದ ಓರೆ ತುದಿಯನ್ನು ತೂರಿಸಿ ನಾಲಿಗೆಯ ಮೇಲೆ ನಿಧಾನವಾಗಿ ಎತ್ತಬೇಕು. ಅಂಚು ನುಣ್ಣಗಿರುವುದು ಬಾಯಿ ಸೀಳದಿರಲಿ ಎಂದು. ತೀರಾ ಒಳಗೆ ಹೋದರೆ ದವಡೆ ಹಲ್ಲಿಗೆ ಸಿಗುತ್ತದೆ. ನಿಮ್ಮ ಗುರುತುಗಳು ಅವೇ. ಎಣ್ಣೆ ಏಕೆಂದರೆ, ಹಸಿ ಕುದುರೆಮೆಂತೆಯಂಥ ಮೇವು ವಿಪರೀತ ತಿಂದರೆ ಹೊಟ್ಟೆಯಲ್ಲಿ ನೊರೆ ಕಟ್ಟಿ ಉಬ್ಬರಿಸುತ್ತದೆ. ತೇಗು ಹೊರಬರುವುದಿಲ್ಲ, ದನ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ನಿಮ್ಮ ಅಜ್ಜನಿಗೆ ನೊರೆಯ ವಿಷಯ ಗೊತ್ತಿತ್ತೋ ಇಲ್ಲವೋ, ಎಣ್ಣೆ ಗೊತ್ತಿತ್ತು.

ಈಗ ಮನೆಯಲ್ಲಿ ದನವಿದ್ದವರಿಗೆ ಒಂದು ಮಾತು. ಗೊಟ್ಟ ಹಾಕುವಾಗ ನಾಲಿಗೆ ಎಳೆದು ಹಿಡಿಯಬೇಡಿ, ತಲೆಯನ್ನು ಆಕಾಶಕ್ಕೆ ಎತ್ತಬೇಡಿ, ಕೆಮ್ಮಿದರೆ ತಕ್ಷಣ ಬಿಡಿ. ಔಷಧಿ ಶ್ವಾಸಕೋಶಕ್ಕೆ ಇಳಿದರೆ ಮೂಲ ರೋಗಕ್ಕಿಂತ ಅದೇ ದೊಡ್ಡದಾಗುತ್ತದೆ. ಅಂಥದ್ದನ್ನು ಎಷ್ಟೋ ನೋಡಿದ್ದೇನೆ.

ಗೊಟ್ಟಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ, ದನಕ್ಕೆ ನುಂಗಿಸುವ ಅಯಸ್ಕಾಂತ. ದನ ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತದೆ, ಜೊತೆಗೆ ಮೊಳೆ, ತಂತಿ ತುಂಡುಗಳೂ ಹೋಗುತ್ತವೆ. ಅವು ನಿಲ್ಲುವುದು ಹೊಟ್ಟೆಯ ಎರಡನೆಯ ಕೋಣೆಯಲ್ಲಿ, ಅದರ ಮುಂದೆ ವಪೆಯ ಆಚೆಗೇ ಹೃದಯ. ತಂತಿ ಚುಚ್ಚಿಕೊಂಡು ಮುಂದೆ ಸರಿದರೆ ಮುಗಿಯಿತು. ಬೆರಳುದ್ದದ ಅಯಸ್ಕಾಂತ ನುಂಗಿಸಿದರೆ ಅದು ಅಲ್ಲೇ ಕುಳಿತು ಕಬ್ಬಿಣವನ್ನೆಲ್ಲ ತನಗೇ ಅಂಟಿಸಿಕೊಂಡು ಜೀವಮಾನವಿಡೀ ಕಾಯುತ್ತದೆ. ಪ್ಲಾಸ್ಟಿಕ್ಕಿಗೆ ಮಾತ್ರ ಅಂಥ ಉಪಾಯವಿಲ್ಲ.

ಅಟ್ಟದಬೆಕ್ಕು:
ಗೊಟ್ಟ! "ಗೊಟ್ಟ" ಎಂದು ಓದಿ ಹೇಳಿದ ಕೂಡಲೇ ಅಪ್ಪ, "ಅಯ್ಯೋ, ನನಗೂ ಅದರಲ್ಲೇ ಹರಳೆಣ್ಣೆ ಕುಡಿಸುತ್ತೇನೆ ಎಂದು ನಮ್ಮಪ್ಪ ಹೆದರಿಸುತ್ತಿದ್ದರು" ಎಂದರು. ಪದ ನೆನಪಿತ್ತು, ವಸ್ತು ಮರೆತುಹೋಗಿತ್ತು. ಗೋಮಾಳ ಅವರೇ, ತುಂಬಾ ಉಪಕಾರವಾಯಿತು.

ಮಗಳು ಅದನ್ನು ತೊಳೆದು ಬಿಸಿಲಿಗಿಟ್ಟು, ಈಗ ಮೇಜಿನ ಮೇಲೆ ನಿಲ್ಲಿಸಿ ಪೆನ್ನುಗಳನ್ನು ಹಾಕಿದ್ದಾಳೆ.

ಕಡಲೆಪುರಿ:
ಪೆನ್ನು ಇಡುವ ಡಬ್ಬಿ ಎಂದು ನಾನು ಮೊದಲೇ ಹೇಳಿರಲಿಲ್ಲವೇ?

ಸಂಜೆಮಲ್ಲಿಗೆ:
ಪ್ಲಗ್ ಬದಲಿಸಿದೆವು. ಒದ್ದೆ ಕೈಯಲ್ಲಿ ಹಿಟ್ಟು ತೆಗೆಯುವಾಗ ಗ್ರೈಂಡರ್ ಜುಮ್ ಎನ್ನುತ್ತಿತ್ತು. ಒದ್ದೆ ಕೈಯ ತಪ್ಪು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಇವತ್ತು ಏನೂ ಇಲ್ಲ.

ಸ್ವಿಚ್‌ಬೋರ್ಡ್:
ಒಳ್ಳೆಯದಾಯಿತು. ಆದರೆ ಗ್ರೈಂಡರನ್ನೂ ಒಮ್ಮೆ ಬಿಚ್ಚಿಸಿ ನೋಡಿ. ಜುಮ್ ಎನ್ನುತ್ತಿತ್ತೆಂದರೆ ಒಳಗೆ ಎಲ್ಲೋ ಕರೆಂಟು ಮೈಗೆ ಸೋರುತ್ತಿದೆ. ಗೋಡೆಯ ಸಾಕೆಟ್ಟಿಗೆ ಅರ್ಥ್ ತಂತಿ ನಿಜವಾಗಿ ಬಂದಿದೆಯೇ ಎಂದೂ ಕೇಳಿ. ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ತಂತಿ ಇರಬೇಕೆಂದಿಲ್ಲ.